ಮಂಡಿಯೂರದ ಸೋದರತ್ತೆ

ಡಿಸೆಂಬರ್ 3, ಭಾನುವಾರ. ಸಂಜೆ

ಕಾಲು ಬಿಸಿನೀರಿನಲ್ಲಿ. ಉಪ್ಪು ಹಾಕಿದ್ದೇನೆ, ಅಭ್ಯಾಸಬಲ. ಉಪ್ಪಿನಿಂದ ಏನೂ ಆಗುವುದಿಲ್ಲವೆಂದು ಗೊತ್ತಾಗಿ ಎಷ್ಟೋ ಕಾಲವಾಯಿತು. ಬಲಗಾಲಿನ ಹೆಬ್ಬೆರಳ ಬುಡದ ಗಂಟು ಇವತ್ತು ಕೆಂಪಗೆ ಊದಿದೆ, ಮುಟ್ಟಿದರೆ ಸುಡುತ್ತದೆ. ಹೆಬ್ಬೆರಳು ವಾಲಿಕೊಂಡು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಚರ್ಚಿಗೆ ಆ ಕಪ್ಪು ಶೂ ಹಾಕಿಕೊಂಡು ಹೋದದ್ದೇ ತಪ್ಪು. ಕ್ಯಾನ್ವಾಸ್ ಹಾಕಿದ್ದರೆ ಇಮ್ಮಾಕುಲಾತಾ ಇಡೀ ಮಸಾಕಾ ಊರಿಗೆ ಸಾರಿಕೊಂಡು ಬರುತ್ತಿದ್ದಳು — ಕಸುಜ್ಜನ ತಂಗಿ ಹಬ್ಬದುಡುಗೆ ಗೋಮೇಸಿ ಉಟ್ಟು ಆಟದ ಶೂ ಹಾಕಿಕೊಂಡಿದ್ದಳು ಅಂತ. ಚಿಕ್ಕಪ್ಪನ ಮಗಳು ಅವಳು. ಬಾಯಿಗೆ ಬಾಗಿಲಿಲ್ಲ.

ಮಂಗಳವಾರ ಕಂಪಾಲಾದಲ್ಲಿ ಆಪರೇಷನ್. ಬಲಿಪೂಜೆ ಮುಗಿದ ಮೇಲೆ ಕಸುಜ್ಜಣ್ಣನಿಗೆ ಹೇಳಿದೆ. ಮೊದಲು ನಕ್ಕ.

"ಬೆರಳಿಗೆ ಆಪರೇಷನ್ ಮಾಡಿಸ್ಕೊಳ್ತಾರೇನೆ ಯಾರಾದ್ರೂ? ಅಮ್ಮಂಗೂ ಇತ್ತಲ್ಲ ಗಂಟು. ಸಾಯೋತನಕ ತೋಟ ಅಗೀತಿದ್ಲು."

"ಸಾಯೋತನಕ ನರಳ್ತಾನೂ ಇದ್ಲು. ನೀನು ಯಾವತ್ತಾದ್ರೂ ಅಡುಗೆಮನೆ ಕಡೆ ತಲೆ ಹಾಕಿದ್ರೆ ಕೇಳಿಸ್ತಿತ್ತು."

"ಅಲ್ಲ, ನಿಂಗೆ ಕಾಲು ಚಂದ ಕಾಣ್ಬೇಕು, ಅಷ್ಟೇ. ಐವತ್ನಾಲ್ಕು ವರ್ಷಕ್ಕೆ ಯಾರಿಗೆ ತೋರಿಸ್ಬೇಕೋ."

ಚಂದಕ್ಕಂತೆ. ಹೋದ ಟರ್ಮಿನ ಫೈನಲ್ ಪಂದ್ಯಕ್ಕೆ ಕುರ್ಚಿ ಹಾಕಿಸಿಕೊಂಡು ಕೂತು ಸೀಟಿ ಊದಿದೆ. ನಾನು. ಕೆಲಸಕ್ಕೆ ಸೇರಿದಂದಿನಿಂದ ನೆಟ್‌ಬಾಲ್ ಹುಡುಗಿಯರ ಜೊತೆ ಗೆರೆಯುದ್ದಕ್ಕೂ ಓಡಿದವಳು. ಅಂಪೈರು ಕೂತಲ್ಲಿಂದ ತಪ್ಪು ಹೇಗೆ ಕಾಣಬೇಕು? ಎದುರು ಶಾಲೆಯ ಕೋಚ್ ಬಂದು "ಟೀಚರಮ್ಮ ದಣಿದಿದ್ದಾರೆ" ಅಂತ ನೀರು ಕೊಟ್ಟ. ಆ ನೀರನ್ನು ಅವನ ಮುಖಕ್ಕೇ ಎರಚಬೇಕು ಅನ್ನಿಸಿತ್ತು. ರಾತ್ರಿ ಹೊದಿಕೆ ತಗುಲಿದರೂ ಎಚ್ಚರವಾಗುತ್ತದೆ. ಸಂತೆಗೆ ಹೋದರೆ ಅರ್ಧ ದಾರಿಯಲ್ಲಿ ಯಾರದೋ ಅಂಗಡಿ ಕಟ್ಟೆ ಹುಡುಕಬೇಕು. ಇದನ್ನೆಲ್ಲ ಅಣ್ಣನಿಗೆ ಹೇಳಲಿಲ್ಲ. ಹೇಳಿದರೂ ಅವನ ಕಿವಿಗೆ ಹೋಗುವುದಿಲ್ಲ.

ಅವನ ಮಗಳು ಜೋವಿಯಾ ಮಾತ್ರ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ನನ್ನ ಟೀಮಿನ ಗೋಲ್ ಶೂಟರ್ ಆಗಿದ್ದವಳು. ಫೆಬ್ರವರಿಯಲ್ಲಿ ಅವಳ ಕ್ವಾಂಜುಲ — ಗಂಡಿನವರು ಬಂದು ಹೆಣ್ಣು ಕೇಳುವ ದಿನ. ಸೋದರತ್ತೆ ನಾನೇ. ಹೆಣ್ಣನ್ನು ಒಳಗಿಂದ ಕರೆತರಬೇಕು, ಗುಂಪಿನಲ್ಲಿ ಗಂಡನ್ನು ಹುಡುಕಿ ಹಾರ ಹಾಕಬೇಕು, ಮುಂದೆ ಚರ್ಚ್ ಮದುವೆಯ ದಿನ ಪಕ್ಕದಲ್ಲೇ ಕೂತು ಗಂಡನ ಮನೆತನಕ ಬಿಟ್ಟುಬರಬೇಕು. ನನಗೆ ಮಕ್ಕಳಿಲ್ಲ. ಇದೊಂದು ನನ್ನದು.

"ಅಷ್ಟೊತ್ತಿಗೆ ವಾಸಿ ಆಗುತ್ತಲ್ಲ ಅತ್ತೆ?"

"ಅಷ್ಟೊತ್ತಿಗೆ ನಿನ್ನ ಅಟ್ಟಿಸ್ಕೊಂಡು ಓಡ್ತೀನಿ."

ನೀರು ತಣ್ಣಗಾಯಿತು.

ಡಿಸೆಂಬರ್ 6, ಬುಧವಾರ. ಆಸ್ಪತ್ರೆ

ಆಯಿತು. ಮೂಳೆ ಕೊಯ್ದು, ಒಳಕ್ಕೆ ಸರಿಸಿ, ಸ್ಕ್ರೂ ಬಿಗಿದಿದ್ದಾರೆ. ಬ್ಯಾಂಡೇಜು ಸುತ್ತಿ ಸುತ್ತಿ ಕಾಲು ಒಂದು ಬ್ರೆಡ್ಡಿನಷ್ಟಾಗಿದೆ. ತುದಿಯಲ್ಲಿ ಹೆಬ್ಬೆರಳು ಇಣುಕುತ್ತಿದೆ — ನೆಟ್ಟಗೆ. ಎಷ್ಟು ಹೊತ್ತು ನೋಡಿದೆನೋ. ನನ್ನದೇ ಬೆರಳು ಅಂತ ನಂಬಿಕೆ ಬರಲಿಲ್ಲ.

ನೋವು ಇದೆ. ಇಲ್ಲ ಅಂತ ಬರೆದರೆ ಸುಳ್ಳು. ಮಾತ್ರೆಯ ಮಂಪರು ಇಳಿದಾಗ ಹಲ್ಲು ಕಚ್ಚಿಕೊಂಡೆ.

ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು. ಮಾತ್ರೆ ಕೊಡುವ ಮುಂಚೆ ಹಾಸಿಗೆ ಪಕ್ಕ ಮಂಡಿಯೂರಿ ನಮಸ್ಕಾರ ಹೇಳಿದಳು. ನಮ್ಮಲ್ಲಿ ಹೆಣ್ಣುಮಕ್ಕಳು ಹಿರಿಯರಿಗೆ ಹೀಗೇ ನಮಸ್ಕರಿಸಬೇಕು; ಮನೆಯಲ್ಲಿ ಚೆನ್ನಾಗಿ ಕಲಿಸಿದ್ದಾರೆ. ಪಕ್ಕದ ಹಾಸಿಗೆಯ ಮುದುಕನಿಗೂ ಹಾಗೇ. ಅದರಾಚೆಯವರಿಗೂ.

"ಸಿಮೆಂಟ್ ನೆಲ. ನೋಯಲ್ವೇನೇ ಮಗಳೇ?"

"ಅಭ್ಯಾಸ ಆಗಿದೆ ಅಮ್ಮ."

ಗಂಟಿನ ಬಗ್ಗೆ ಯಾರಾದರೂ ಕೇಳಿದಾಗಲೆಲ್ಲ ನಾನೂ ಇದನ್ನೇ ಹೇಳುತ್ತಿದ್ದೆ.

ಡಿಸೆಂಬರ್ 25, ಕ್ರಿಸ್ಮಸ್

ಹಿಮ್ಮಡಿ ಮಾತ್ರ ನೆಲಕ್ಕೆ ತಾಗುವ ಹಲಗೆಯಂಥ ಶೂ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ಕೋಳಿ ಥರ ಹೆಜ್ಜೆ ಹಾಕುತ್ತಿದ್ದೇನೆ. ಕೂತಾಗ ಕಾಲು ಎದೆಗಿಂತ ಎತ್ತರಕ್ಕಿರಬೇಕಂತೆ. ಹಾಗಾಗಿ ಅಣ್ಣನ ಮನೆಯ ಹಜಾರದಲ್ಲಿ ದಿಂಬಿನ ಮೇಲೆ ದಿಂಬು ಪೇರಿಸಿ ಕಾಲು ಚಾಚಿ ಕೂತಿದ್ದೆ. ಹಿರಿಯರು ಒಬ್ಬೊಬ್ಬರಾಗಿ ಬಂದರು. ಮಂಡಿಯೂರಲಿಲ್ಲ, ಕೂತೇ ನಮಸ್ಕರಿಸಿದೆ. ಯಾರೂ ಏನೂ ಅನ್ನಲಿಲ್ಲ. ನೋಡಿದರು ಅಷ್ಟೇ. ಅನ್ನುವ ಕೆಲಸ ಇಮ್ಮಾಕುಲಾತಾ ವಹಿಸಿಕೊಂಡಳು.

"ದೊಡ್ಡಪ್ಪನ ಮುಖಕ್ಕೇ ಅಂಗಾಲು ತೋರಿಸ್ಕೊಂಡು ಕೂತಿದೀಯಲ್ಲೇ."

"ಬೇಕಾದ್ರೆ ಅವರನ್ನ ಆ ಕಡೆ ಕೂರ್ಸು."

"ನಾವೆಲ್ಲ ಬೆಳಗ್ಗಿಂದ ಮಟೋಕೆ ಬಾಳೆಕಾಯಿ ಸಿಪ್ಪೆ ಸುಲಿದು ಸುಲಿದು ಕೈ ಕಪ್ಪಾಗಿದೆ. ಮಹಾರಾಣಿಯವರು ಮಾತ್ರ ದಿಂಬಿನ ಮೇಲೆ."

"ಇಲ್ಲಿ ತಂದ್ಕೊಡು, ಸುಲಿದ್ಕೊಡ್ತೀನಿ. ಕೊಯ್ದಿರೋದು ಕಾಲು, ಕೈ ಅಲ್ಲ."

ತಂದುಕೊಡಲಿಲ್ಲ. ಮಾತಿನ ಸುಖ ಹೋಗುತ್ತದಲ್ಲ.

ಜನವರಿ 14, ಭಾನುವಾರ

ಅಣ್ಣ ಮನೆಯವರನ್ನೆಲ್ಲ ಕರೆಸಿದ್ದ. ಕ್ವಾಂಜುಲದ ಮಾತು. ಟೆಂಟು ಎಲ್ಲಿ, ಅಡುಗೆ ಯಾರು, ನಮ್ಮ ಪರವಾಗಿ ಮಾತಾಡುವ ಮಾತುಗಾರ ಯಾರು. ಕೊನೆಗೆ ನನ್ನ ಕಡೆ ತಿರುಗಿದ.

"ಪರ್ಪೆಚುವಾ, ಅವತ್ತು ಮಂಡಿಯೂರ್ತೀಯ ತಾನೆ?"

"ಡಾಕ್ಟರನ್ನ ಕೇಳ್ಬೇಕು."

"ಹೆಣ್ಣಿನ ಸೋದರತ್ತೆ ಬೀಗರ ಮುಂದೆ ಮಂಡಿಯೂರೋಕೆ ಡಾಕ್ಟರ್ ಅಪ್ಪಣೆ ಬೇಕಾ? ನೀನು ನಿಂತ್ಕೊಂಡ್ರೆ ಅವ್ರು ಏನಂತ ತಿಳ್ಕೋತಾರೆ? ಈ ಮನೇಲಿ ಹೆಣ್ಮಕ್ಕಳಿಗೆ ಮರ್ಯಾದೆ ಕಲಿಸಿಲ್ಲ, ಹುಡುಗೀನೂ ಹೀಗೇ ಇರ್ತಾಳೆ ಅಂತ. ಸಂಬಂಧ ಮುರಿದ್ರೆ ನೀನು ಕೊಡಿಸ್ತೀಯಾ ಇನ್ನೊಂದು ಗಂಡು?"

"ನನ್ನ ಬೆರಳಿಗೂ ಅವಳ ಮದುವೆಗೂ ಏನು ಸಂಬಂಧ ಅಣ್ಣ?"

"ಆಗಲ್ಲಾಂದ್ರೆ ಹೇಳ್ಬಿಡು. ಇಮ್ಮಾಕುಲಾತಾ ಇದಾಳೆ. ಅವಳೂ ಅತ್ತೆ ತಾನೆ?"

ಇಮ್ಮಾ ನೆಲ ನೋಡುತ್ತ ಕೂತಿದ್ದಳು. ತುಟಿಯಲ್ಲಿ ನಗು. ಜೋವಿಯಾ ಚಹಾ ಲೋಟ ಜೋಡಿಸುತ್ತಿದ್ದವಳು ಹಾಗೇ ನಿಂತಳು. ಅಪ್ಪನ ಎದುರು ಬಾಯಿ ತೆರೆಯುವವಳಲ್ಲ.

ಮನೆಗೆ ಬಂದರೂ ಮೈ ಉರಿಯುತ್ತಲೇ ಇದೆ. ಆ ಗಂಟು ಇಟ್ಟುಕೊಂಡು ಎಷ್ಟು ಮದುವೆ, ಎಷ್ಟು ಸಾವಿನ ಮನೆ, ಎಷ್ಟು ಹಿರಿಯರ ಎದುರು ಮಂಡಿಯೂರಿದ್ದೇನೆ. ಏಳುವಾಗ ಪ್ರಾಣ ಹೋಗುತ್ತಿತ್ತು. ನೋಯುತ್ತಾ ಅಂತ ಒಬ್ಬರು ಕೇಳಲಿಲ್ಲ. ಈಗ ನೋವು ತೆಗೆಸಿಕೊಂಡೆ ಅಂತ ಎಲ್ಲರಿಗೂ ನನ್ನ ಕಾಲಿನ ಚಿಂತೆ.

ಜನವರಿ 17, ಬುಧವಾರ. ಕಂಪಾಲಾದಿಂದ ವಾಪಸು, ಬಸ್ಸಿನಲ್ಲಿ

ಎಕ್ಸ್‌ರೇ ಚೆನ್ನಾಗಿದೆ. ಮೂಳೆ ಕೂಡುತ್ತಿದೆ. ಡಾಕ್ಟರ್ ಅಹಿಂಬಿಸಿಬ್ವೆ ಒಂದು ಕಾಗದ ಇಟ್ಟುಕೊಂಡು ಕೇಳುತ್ತ ಹೋದರು. ಬದುಕು ಎಷ್ಟು ಸುಧಾರಿಸಿದೆ ಅಂತ ಅಳೆಯುವುದಂತೆ. ಶೂ ಹಾಕಿಕೊಳ್ಳಲು ಕಷ್ಟವೇ? ಮೆಟ್ಟಿಲು ಹತ್ತಲು? ಕಾಲಿನಿಂದಾಗಿ ನಾಲ್ಕು ಜನರ ನಡುವೆ ಹೋಗಲು ಹಿಂಜರಿಕೆಯೇ?

"ಮಂಡಿಯೂರೋದರ ಬಗ್ಗೆ ಯಾಕೆ ಕೇಳ್ಲಿಲ್ಲ?" ಅಂದೆ.

ಕಾಗದ ತಿರುಗಿಸಿ ನೋಡಿದರು. "ಇದರಲ್ಲಿ ಇಲ್ವಲ್ಲ. ಇದನ್ನ ಮಾಡ್ದೋರು ಕುರ್ಚಿ ಮೇಲೆ ಕೂತು ನಮಸ್ಕಾರ ಹೇಳೋ ಜನ."

"ನಮ್ಮ ಹುಡುಗಿ ಕ್ವಾಂಜುಲ ಇದೆ ಡಾಕ್ಟ್ರೇ. ಫೆಬ್ರವರಿ ಹತ್ತು."

ಪೆನ್ನು ಕೆಳಗಿಟ್ಟರು. "ಊರೋದು ಹೇಗೋ ಊರ್ತೀರಿ. ಏಳುವಾಗ? ಬೆರಳು ಹಿಂದಕ್ಕೆ ಮಡಚಿ ಮೈಭಾರ ಪೂರ್ತಿ ಅದೇ ಕೀಲಿನ ಮೇಲೆ ಬೀಳುತ್ತೆ. ಒಂದೆರಡು ಸಲ ಆದ್ರೆ ನೋಡೋಣ ಅನ್ನಬಹುದಿತ್ತು. ಅವತ್ತು ಎಷ್ಟು ಸಲ ಊರ್ಬೇಕು ನೀವು?"

ಲೆಕ್ಕ ಯಾರಿಟ್ಟಿದ್ದಾರೆ. ಬಂದವರಿಗೆಲ್ಲ. ಉಡುಗೊರೆ ತೆಗೆದುಕೊಳ್ಳುವಾಗೆಲ್ಲ. ಮಾತು ಆಡುವಾಗೆಲ್ಲ.

"ನಾನು ಹೇಳೋವರೆಗೂ ಬೇಡ," ಅಂದರು. "ಮಾಡಿದ್ದೆಲ್ಲ ಹಾಳು ಮಾಡ್ಕೋಬೇಡಿ."

ಜನವರಿ 20, ಶನಿವಾರ

ಮಾಡಿ ನೋಡಿದೆ. ಮಾಡಬಾರದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಮಂಚ ಹಿಡಿದು ಇಳಿದೆ, ಚಾಪೆ ಮೇಲೆ. ಇಳಿದದ್ದು ಸಲೀಸಾಯಿತು, ಒಳಗೊಳಗೇ ಬೀಗಿದೆ. ಏಳಲು ಹೋದಾಗ ಬೆರಳಿನಿಂದ ಸೊಂಟದವರೆಗೆ ಛಳುಕು. ಮಂಚದ ಕಾಲು ಹಿಡಿದರೂ ಏಳಲಾಗದೆ ಬಾಗಿಲಿನ ತನಕ ತೆವಳಿದೆ. ಕಣ್ಣೀರು ಬಂತು. ನೋವಿಗಿಂತ ಸಿಟ್ಟಿಗೆ.

ಆಗಲೇ ಜೋವಿಯಾ ಬರಬೇಕೇ. ನೆಲದ ಮೇಲೆ ಬಿದ್ದವಳನ್ನು ನೋಡಿ ಕೈಚೀಲ ಎಸೆದು ಓಡಿಬಂದಳು. ಎತ್ತಿ ಕೂರಿಸಿದಳು. ಐಸು ಹುಡುಕಿ ತಂದಳು. ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ, ಚಾಪೆ ನೋಡಿ ಗೊತ್ತಾಗಿತ್ತು.

"ನಿಂತ್ಕೊಂಡೇ ಬಾ ಅತ್ತೆ."

"ಸಂಬಂಧ ಮುರಿದ್ರೆ?"

"ನಿನ್ನ ಕಾಲು ನೋಡಿ ಮುರಿಯೋ ಸಂಬಂಧ ನಂಗೆ ಯಾಕೆ? ಅಪ್ಪಂಗೆ ನಾನು ಹೇಳ್ತೀನಿ."

ಹೇಳಿದಳೋ ಏನೋ. ಸಂಜೆ ಅಣ್ಣನ ಫೋನು. "ಬಾ. ಆದ್ರೆ ಹಿಂದೆ ನಿಂತ್ಕೋ. ಬಾಯಿ ತೆಗೀಬೇಡ."

ಹಿಂದೆ ನಿಂತು ಗಂಡನ್ನು ಹುಡುಕುವುದು ಹೇಗೆ, ಅವನೇ ಹೇಳಲಿ.

ಫೆಬ್ರವರಿ 5, ಸೋಮವಾರ

ಶಾಲೆ ಶುರು. ಕ್ಯಾನ್ವಾಸ್ ಶೂ ಒಳಗೆ ಕಾಲು ಸಲೀಸಾಗಿ ಹೋಯಿತು. ಗಂಟಿಗಾಗಿ ಬ್ಲೇಡಿನಿಂದ ತೂತು ಮಾಡಿದ್ದ ಹಳೇ ಜೋಡಿಯನ್ನು ಕಸಕ್ಕೆ ಹಾಕಿದೆ. ಓಡುವುದಿನ್ನೂ ಇಲ್ಲ. ಆದರೆ ಇಡೀ ಅಭ್ಯಾಸ ನಿಂತೇ ಮಾಡಿಸಿದೆ. ಸೆಂಟರ್ ಆಡುವ ಹುಡುಗಿ "ಟೀಚರ್, ಕುರ್ಚಿ ತರ್ಲಾ?" ಅಂದಳು. ಆ ಕುರ್ಚಿ ಹೊರಿಸಿ ಎರಡು ಸುತ್ತು ಓಡಿಸಿದೆ ಅವಳನ್ನು.

ಫೆಬ್ರವರಿ 11, ಭಾನುವಾರ. ಮಧ್ಯಾಹ್ನ

ನಿನ್ನೆ ಬರೆಯಲು ಕೈ ಏಳಲಿಲ್ಲ. ಈಗ ನಡೆದದ್ದು ನಡೆದ ಹಾಗೆ.

ಅಂಗಳದ ಎರಡೂ ಕಡೆ ಟೆಂಟು. ನಡುವೆ ಚಾಪೆ. ಅವರ ಕಡೆ ಮುಂದಿನ ಸಾಲಿನಲ್ಲಿ ಬಿಳಿ ಕಾಂಜು ನಿಲುವಂಗಿ ತೊಟ್ಟ ಗಂಡಸರು, ಪಕ್ಕದಲ್ಲಿ ಚಾಪೆಯ ಮೇಲೆ ಗಂಡಿನ ಅಜ್ಜಿ. ಎರಡೂ ಕಡೆಯ ಕುಲ, ತಾತ ಮುತ್ತಾತರ ಹೆಸರು ಎಲ್ಲ ಹೇಳಿ ಮುಗಿದಿತ್ತು. ನಮ್ಮ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಬಂದು ಮಂಡಿಯೂರಿ ಸ್ವಾಗತ ಹೇಳಿ ಹೋದರು. ಆಮೇಲೆ ಸೋದರತ್ತೆಯನ್ನು ಕರೆದರು.

ನೇರಳೆ ಗೋಮೇಸಿ, ಕೆಳಗೆ ಬಿಳಿ ಕ್ಯಾನ್ವಾಸ್. ಹಿಂದೆ ನಿಲ್ಲಲಿಲ್ಲ. ಚಾಪೆಯ ನಡುವಿಗೆ ಹೋಗಿ ನಿಂತೆ. ನಿಂತೇ ನಮಸ್ಕಾರ ಹೇಳಿದೆ. ಹಾಡು ಹಾಕುತ್ತಿದ್ದವನು ಗಾಬರಿಯಾಗಿ ಹಾಡು ನಿಲ್ಲಿಸಿದ. 

ಅವರ ಮಾತುಗಾರ ಲುಬ್ವಾಮಾ — ಬೆಳಗಿನಿಂದ ಜೋಕು ಹೊಡೆದು ಎರಡೂ ಕಡೆಯವರನ್ನು ನಗಿಸುತ್ತಿದ್ದ ಆಸಾಮಿ — ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.  ಆಮೇಲೆ ಕೋಟು ಸರಿಮಾಡಿಕೊಂಡು ದೊಪ್ಪನೆ ಮಂಡಿಯೂರಿಬಿಟ್ಟ.

"ಸ್ವಾಮೀ, ನಮ್ಮಿಂದ ಅಪಚಾರ ಆಯ್ತು. ಈ ಮನೇಲಿ ಅರಮನೆಯವರು ಇದಾರೆ ಅಂತ ನಮಗೊಬ್ರೂ ಹೇಳ್ಲಿಲ್ಲ."

ಯಾರೆದುರೂ ಮಂಡಿಯೂರದ ಹೆಂಗಸು ಅಂದರೆ ನಮ್ಮ ಬುಗಾಂಡ ಸೀಮೆಯಲ್ಲಿ ರಾಜವಂಶದವಳೇ. ಅವಳಿಗೆ ಗಂಡಸಿಗೆ ಹೇಳುವ ಹಾಗೆ ಸ್ವಾಮಿ ಅನ್ನಬೇಕು. ಕುಲ ಹೇಳುವಾಗ ನಮ್ಮದು ರಾಜಕುಲವಲ್ಲ ಅಂತ ಕೇಳಿಸಿಕೊಂಡಿದ್ದನಲ್ಲ ಈ ಪುಣ್ಯಾತ್ಮ? ನನ್ನ ಅಜ್ಜಿಯ ಕಡೆಯಿಂದ ಇರಬೇಕು ಅಂತ ತಾನೇ ಸಂಬಂಧ ಹೆಣೆದುಕೊಂಡ. ಅವನು ಊರಿದ್ದು ನೋಡಿ ಹಿಂದಿನವನೂ ಊರಿದ. ನೋಡನೋಡುತ್ತಲೇ ಬಿಳಿ ಕಾಂಜುಗಳ ಸಾಲಿಗೆ ಸಾಲೇ ನೆಲಕ್ಕೆ. "ಸ್ವಾಮಿ, ಸ್ವಾಮಿ" ಅಂತ ಗೊಣಗು.

ಸುಳ್ಳು ಯಾಕೆ ಬರೆಯಲಿ, ಒಂದು ಗಳಿಗೆ ಹಿತವಾಗಿಯೇ ಇತ್ತು. ಇಷ್ಟು ಗಂಡಸರ ನೆತ್ತಿಯನ್ನು ನಾನು ಒಟ್ಟಿಗೆ ನೋಡಿದ್ದೇ ಇಲ್ಲ.

ಅಣ್ಣ ಯಾವಾಗ ಹಿಂದೆ ಬಂದನೋ. ಕಿವಿಯಲ್ಲಿ, "ಸುಮ್ನಿರು. ಹ್ಞೂಂ ಅನ್ನು, ಸಾಕು. ಉಳಿದಿದ್ದು ನಾನು ನೋಡ್ಕೋತೀನಿ." ತಿರುಗಿ ನೋಡಿದೆ. ಮುಖ ಅರಳಿತ್ತು. ಆಪರೇಷನ್ ಆದ ಮೇಲೆ ಅವನು ನನ್ನನ್ನು ಪ್ರೀತಿಯಿಂದ ನೋಡಿದ್ದು ಅದೇ ಮೊದಲು. ಹ್ಞೂಂ ಅಂದಿದ್ದರೆ ಎಲ್ಲ ಸುಸೂತ್ರ. ಅವನ ಮರ್ಯಾದೆ, ಹುಡುಗಿಯ ಸಂಬಂಧ, ನನ್ನ ಬೆರಳು, ಎಲ್ಲ ಭದ್ರ.

ಆದರೆ ನಾನು ಇದಕ್ಕಾಗಿ ನಿಂತದ್ದಲ್ಲ. ರಾಜವಂಶದವಳಾದರೆ ನಿಲ್ಲಬಹುದು, ನೋಯುವವಳಾದರೆ ಕೂಡದು — ಹ್ಞೂಂ ಅಂದರೆ ಇದಕ್ಕೆ ನಾನೇ ಒಪ್ಪಿದ ಹಾಗೆ.

"ಏಳಿ ಲುಬ್ವಾಮಾ ಅವ್ರೇ. ಕಾಂಜು ಕೊಳೆ ಆಗುತ್ತೆ. ನಾನು ಅರಮನೆಯವಳಲ್ಲ, ನೆಟ್‌ಬಾಲ್ ಟೀಚರು."

ಶೂ ಬಿಚ್ಚಿದೆ. ಗೋಮೇಸಿ ನೆರಿಗೆ ಎತ್ತಿ ಹಿಡಿದು ಕಾಲು ಮುಂದೆ ಇಟ್ಟೆ. ಬೆರಳುದ್ದದ ಗಾಯದ ಗುರುತು ಇನ್ನೂ ಕೆಂಪಗಿದೆ.

"ಇಲ್ಲಿ ಒಳಗೆ ಸ್ಕ್ರೂ ಇದೆ. ತುಂಬಾ ವರ್ಷ ನೋಯ್ತಿತ್ತು, ಸರಿ ಮಾಡಿಸ್ಕೊಂಡೆ. ಮಂಡಿಯೂರಿದ್ರೆ ಮತ್ತೆ ಹಾಳಾಗುತ್ತೆ. ಅದಕ್ಕೆ ಊರಲ್ಲ. ನಿಮ್ಮ ಮೇಲೆ ಮುನಿಸಿಲ್ಲ, ಹುಡುಗನ ಮೇಲೂ ಇಲ್ಲ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಎದ್ದರು, ಮಣ್ಣು ಕೊಡವಿಕೊಂಡರು. ಹಿಂದೆಲ್ಲೋ ಯಾರೋ ಕಿಸಕ್ಕೆಂದರು. ಗಂಡಿನ ದೊಡ್ಡಪ್ಪನಿಗೆ ಮಾತ್ರ ನಗು ಬರಲಿಲ್ಲ. ಟೀಚರಮ್ಮನಿಗೆ ಮಂಡಿಯೂರಿ ಎದ್ದವನು ಅವನೂ.

"ಮಂಡಿಯೂರೋಕೆ ಬರೋ ಅತ್ತೆ ಇನ್ನೊಬ್ಬಳಿಲ್ವಾ ಈ ಮನೇಲಿ?"

ಇಮ್ಮಾ ಆಗಲೇ ಸೊಂಟಪಟ್ಟಿ ಸರಿಮಾಡಿಕೊಂಡು ಎದ್ದಿದ್ದಳು. ಅಣ್ಣ ಅವಳಿಗೆ ಕೈಸನ್ನೆ ಮಾಡಿದ.  ಹುಡುಗಿಯ ಬದುಕು ನನ್ನಿಂದ ಕೆಟ್ಟಿತು ಅನ್ನಿಸಿತು.

"ನನ್ನ ಎಬ್ಬಿಸ್ರೋ," ಅಂದಿತು ಒಂದು ದನಿ.

ಗಂಡಿನ ಅಜ್ಜಿ. ಇಬ್ಬರು ಮೊಮ್ಮಕ್ಕಳು ಆಚೀಚೆ ಹಿಡಿದು ಎತ್ತಿದರು. ಕೋಲೂರಿಕೊಂಡು ಚಾಪೆ ದಾಟಿ ನನ್ನ ಎದುರು ಬಂದು ನಿಂತಳು. ಅಷ್ಟು ವಯಸ್ಸಾದವಳು ಎದ್ದು ಬಂದಳಲ್ಲ ಅಂತ ಇಮ್ಮಾ ಮತ್ತೆ ಕೂತಳು. ನಿಂತೇ ನಮ್ಮ ಉದ್ದನೆಯ ನಮಸ್ಕಾರ ಶುರು ಮಾಡಿದಳು. ಚೆನ್ನಾಗಿದ್ದೀರಾ. ಹ್ಞೂಂ. ಮನೆಯವರು. ಹ್ಞೂಂ. ತೋಟ. ಹ್ಞೂಂ. ಅವಳೊಂದು ಹ್ಞೂಂ, ನಾನೊಂದು ಹ್ಞೂಂ, ದನಿ ಇಳಿದು ಇಳಿದು ನಿಲ್ಲುವವರೆಗೂ ಪೂರ್ತಿ ಮಾಡಿದೆವು. ಇಬ್ಬರೂ ನಿಂತೇ. ಆಮೇಲೆ ಬಗ್ಗಿ ಕಾಲು ನೋಡಿದಳು.

"ಕೊಯ್ದಾಗ ನೋಯ್ತಾ?"

"ತುಂಬಾ, ಅಜ್ಜಿ."

"ಈಗ?"

"ಈಗಿಲ್ಲ."

 ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ಏನ್ ನೋಡ್ತಿದೀಯ? ಹೊತ್ತಾಯ್ತು, ಮುಂದಿಂದು ಆಗ್ಲಿ," ಅಂದಳು.

ಆಯಿತು. ಜೋವಿಯಾಳನ್ನು ನಾನೇ ಕರೆತಂದೆ. ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಅವಿತಿದ್ದ ಗಂಡನ್ನು ನಾನೇ ಹಿಡಿದು ಹಾರ ಹಾಕಿದೆ. ಲುಬ್ವಾಮಾಗೆ ಸಂಜೆತನಕ ಅದೇ ಜೋಕು — ನಮ್ಮ ಹುಡುಗ ಹುಷಾರಾಗಿರ್ಬೇಕಪ್ಪ, ಅತ್ತೆಗೇ ಸ್ಕ್ರೂ ಬಿಗಿ ಇದೆ.

ಎಲ್ಲರೂ ಹೋದ ಮೇಲೆ ಅಣ್ಣ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿ.

"ಒಂದು ಮಧ್ಯಾಹ್ನ ಕಣೆ. ಒಂದೇ ಒಂದು ಮಧ್ಯಾಹ್ನ ದೊಡ್ಡ ಮನೆತನ ಅನ್ನಿಸ್ಕೋತಿದ್ವಿ. ನಾಲಿಗೆ ಸುಮ್ನಿಟ್ಕೊಳ್ಳೋಕಾಗ್ಲಿಲ್ಲ ನಿಂಗೆ."

"ಸುಳ್ಳು ಅದು."

"ಮದುವೆ ದಿನ ಹುಡುಗಿ ಜೊತೆ ಇಮ್ಮಾಕುಲಾತಾ ಹೋಗ್ತಾಳೆ. ನೀನು ಮನೇಲಿರು. ಕಾಲು ನೋಡ್ಕೋ."

ಇದು ನನಗೆ ತಗುಲಿತು. ಎಲ್ಲಿ ತಗುಲಬೇಕೋ ಅಲ್ಲೇ.

ಫೆಬ್ರವರಿ 27, ಮಂಗಳವಾರ

ಸಂತೆಗೆ ನಡೆದೇ ಹೋದೆ, ನಡೆದೇ ಬಂದೆ. ಎಲ್ಲೂ ಕೂರಲಿಲ್ಲ. ಬಟಾಣಿ ಮಾರುವವಳು "ಏನ್ ಟೀಚರ್, ನನ್ನ ಕಟ್ಟೆ ಮರೆತ್ರಾ" ಅಂತ ಮುನಿಸಿಕೊಂಡಳು. ಬೆರಳಿನ ಒಂದು ಬದಿ ಇನ್ನೂ ಜೋಮು. ಮೋಡ ಕವಿದರೆ ಎಳೆತ. ಇರಲಿ. ಅಣ್ಣ ಮಾತಾಡಿಸುತ್ತಿಲ್ಲ. ಚರ್ಚಿನಲ್ಲಿ ಕಂಡರೂ ಕಾಣದ ಹಾಗೆ ಹೋಗುತ್ತಾನೆ.

ಮಾರ್ಚ್ 20, ಬುಧವಾರ

ಡಾಕ್ಟರ್ ಬೆರಳನ್ನು ಮೇಲೆ ಕೆಳಗೆ ಬಗ್ಗಿಸಿ ನೋಡಿದರು. "ಓಡಿ. ಹಾರಿ. ಮಂಡಿಯೂರ್ಬೇಕು ಅಂತಿದ್ರೆ ಅದೂ ಆಗುತ್ತೆ ಈಗ, ಹದವಾಗಿ." ಸಂತೋಷಪಡಬೇಕಿತ್ತು. ಪಟ್ಟೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು — ಇನ್ನು ಡಾಕ್ಟರ ಹೆಸರು ಹೇಳುವ ಹಾಗಿಲ್ಲ. ಇನ್ನು ಊರದಿದ್ದರೆ ಅದು ನನ್ನ ಇಷ್ಟ.

ಮಾರ್ಚ್ 22, ಶುಕ್ರವಾರ

ಓಡಿದೆ. ಪಕ್ಕದ ಗೆರೆಯ ಈ ತುದಿಯಿಂದ ಆ ತುದಿಗೆ, ಸೀಟಿ ಕಚ್ಚಿಕೊಂಡು. ಉಸಿರು ಹತ್ತಿತು, ಹೊಟ್ಟೆ ಕುಣಿಯಿತು, ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಬೆರಳು ಮಾತ್ರ ತನ್ನ ಕೆಲಸ ತಾನು ಮಾಡಿತು. ಎಷ್ಟು ಖುಷಿಯಾಯಿತು ಅಂತ ಬರೆಯಲು ಬರುವುದಿಲ್ಲ.

ಆಟ ನಿಂತಾಗ ಪುಟ್ಟ ಡಿಫೆಂಡರಿನ ಲೇಸು ಬಿಚ್ಚಿತ್ತು. ಅವಳ ಕೈಯಲ್ಲಿ ಬಾಲು. ಯೋಚಿಸದೆ ಮಂಡಿಯೂರಿ ಕಟ್ಟಿದೆ. ಎದ್ದ ಮೇಲೆ ಗೊತ್ತಾಯಿತು, ಊರಿದ್ದೆ ಅಂತ. ಶಾಲೆಯ ಬೇಲಿಯಾಚೆ ಯಾರೋ ನೋಡುತ್ತ ನಿಂತಿದ್ದರು. ಬುಟ್ಟಿ ಹೊತ್ತ ಇಮ್ಮಾಕುಲಾತಾ. ಇನ್ಯಾರು.

ಮಾರ್ಚ್ 31, ಈಸ್ಟರ್

ಇಮ್ಮಾ ಮನೆಗೇ ಬಂದಳು. ಮೊಟ್ಟೆ ತಂದಿದ್ದಳು, ಮೊಟ್ಟೆಯ ಜೊತೆ ಅಣ್ಣನ ಅಪ್ಪಣೆಯನ್ನೂ.

"ಶಾಲೆ ಮಗು ಎದುರು ಊರ್ತಾಳೆ, ಒಡಹುಟ್ಟಿದ ಅಣ್ಣನ ಎದುರು ಊರಲ್ವಾ ಅಂತಿದಾನೆ."

"ಮಗುವಿಗೆ ಲೇಸು ಬಿಚ್ಚಿತ್ತು. ಅವನಿಗೂ ಬಿಚ್ಚಿದ್ರೆ ಕಟ್ತೀನಿ ಅಂತ ಹೇಳು."

"ತಮಾಷೆ ಬೇಡ ಪರ್ಪೆಚುವಾ. ಒಂದು ಸಲ ಬಂದು ಮಂಡಿಯೂರಿ, ತಪ್ಪಾಯ್ತು ಅನ್ನು. ಶನಿವಾರ ಮದುವೆ ಕಾರಲ್ಲಿ ನೀನೇ ಕೂರು. ನಂಗೇನು ಹಟ ಇಲ್ಲ." ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ನಂಗೂ ಆ ಸೀಟು ಬೇಕು ಅಂತಿತ್ತು, ಸುಳ್ಳಲ್ಲ. ಆದ್ರೆ ಹುಡುಗಿ ನನ್ನ ಮುಖ ನೋಡಿದ್ರೆ ಆ ಕಡೆ ತಿರುಗ್ತಾಳೆ."

"ಯಾವ ತಪ್ಪು ಅಂತ ಹೇಳ್ಬೇಕು ನಾನು?"

ಮೊಟ್ಟೆ ಮೇಜಿನ ಮೇಲಿಟ್ಟು ಎದ್ದಳು.

ಹೋದ ಮೇಲೆ ಯೋಚಿಸಿದೆ. ಅರ್ಧ ನಿಮಿಷದ ಕೆಲಸ. ಬೆರಳು ಬಗ್ಗುತ್ತದೆ. ಬುದ್ಧಿ ಬಂದಾಗಿನಿಂದ ಅವನ ಎದುರು ಊರಿದ್ದೇನೆ, ಬೇಸರವಿಲ್ಲದೆ, ಪ್ರೀತಿಯಿಂದ. ನಾಳೆಯೂ ಊರಿಯೇನು. ಆದರೆ ನಿಜ ಹೇಳಿದ್ದಕ್ಕೆ ದಂಡ ಅಂತ ಊರುವುದಿಲ್ಲ. ಜಪ್ಪಯ್ಯ ಅಂದರೂ ಇಲ್ಲ.

ಏಪ್ರಿಲ್ 3, ಬುಧವಾರ

ಜೋವಿಯಾ ಫೋನು ಮಾಡಿದ್ದಳು. ಅತ್ತುಬಿಟ್ಟಳು.

"ಅಪ್ಪನ ಮಾತು ಮೀರೋಕಾಗ್ತಿಲ್ಲ ಅತ್ತೆ. ಮದುವೆ ಮನೇಲಿ ಜಗಳ ಬೇಡ ಅಂತಿದಾರೆ ಎಲ್ರೂ."

"ಸರಿ ಬಿಡು. ಖುಷಿಯಾಗಿರು. ಚಪ್ಪಲಿ ಮಾತ್ರ ಚೂಪಾದ್ದು ಹಾಕ್ಕೋಬೇಡ."

ನಗಲಿಲ್ಲ ಅವಳು. ಫೋನು ಇಟ್ಟ ಮೇಲೆ ಒಬ್ಬಳೇ ಕೂತಿದ್ದೆ. ಊರಿಬಿಡಲೇ ಅಂತ ಎದ್ದು ಬಾಗಿಲವರೆಗೂ ಹೋದೆ. ವಾಪಸು ಬಂದೆ.

ಏಪ್ರಿಲ್ 6, ಶನಿವಾರ. ಬೆಳಿಗ್ಗೆ 7

ಗೋಮೇಸಿ ಉಟ್ಟು ಕೂತಿದ್ದೇನೆ. ಯಾರೂ ಕರೆದಿಲ್ಲ. ಚರ್ಚಿಗೆ ಕಾರು ಇದೇ ರಸ್ತೆಯಲ್ಲಿ ಹೋಗಬೇಕು. ಹೋಗುವುದನ್ನಾದರೂ ನೋಡುತ್ತೇನೆ. ಮಲಗಿದ್ದವಳು ಎದ್ದು ಬಂದ ಹಾಗೆ ಕಾಣಬಾರದು ಅಂತ ಉಟ್ಟೆ.  ಊರಿದ್ದರೆ ಈಗ ಅಲ್ಲಿ ಅವಳ ಮುಸುಕು ಸರಿಪಡಿಸುತ್ತಿದ್ದೆ. ಆದರೂ ಊರಬೇಕಿತ್ತು ಅಂತ ಅನ್ನಿಸುತ್ತಿಲ್ಲ. ಎರಡೂ ನಿಜ.

7.40

ಕಾರು ಬಂತು. ಹೋಗಲಿಲ್ಲ. ಗೇಟಿನ ಎದುರು ನಿಂತಿದೆ.

ಇಮ್ಮಾ ಇಳಿದಳು. ಹಿಂದಿನ ವ್ಯಾನಿಗೆ ಹೋಗಿ ಹತ್ತಿದಳು. ಕಾರಿನ ಕಿಟಕಿಯಲ್ಲಿ ಜೋವಿಯಾಳ ಬಿಳಿ ಮುಸುಕು, ಅಲುಗಾಡದೆ ಕೂತಿದೆ. ಅಣ್ಣ ಬಗ್ಗಿ ಬಗ್ಗಿ ಏನೋ ಹೇಳುತ್ತಿದ್ದಾನೆ. ಮುಸುಕು ಒಲ್ಲೆ ಅಂತ ತಲೆ ಆಡಿಸುತ್ತಿದೆ.

ಈಗ ನನ್ನ ಬಾಗಿಲು ಬಡಿಯುತ್ತಿದ್ದಾನೆ.

"ಪರ್ಪೆಚುವಾ, ತೆಗಿ. ನೀನು ಹತ್ತದೆ ಕಾರು ಮುಂದೆ ಹೋಗ್ಬಾರ್ದಂತೆ. ಹಟ ಹಿಡಿದು ಕೂತಿದಾಳೆ. ಪಾದ್ರಿಗಳು ಕಾಯ್ತಿದಾರೆ, ಗಂಡಿನೋರು ಕಾಯ್ತಿದಾರೆ."

ಬರೆಯುತ್ತಿದ್ದೇನೆ. ಕಾಯಲಿ.

"ದಮ್ಮಯ್ಯ ಕಣೆ."

ದಮ್ಮಯ್ಯ. ಅವನ ಬಾಯಲ್ಲಿ. ತೆಗೆಯುತ್ತೇನೆ. ತೆಗೆದು, ಅವನ ಎದುರು ನೆಟ್ಟಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ನಮಸ್ಕಾರ ಅಣ್ಣ, ಚೆನ್ನಾಗಿದೀಯಾ, ಮನೆಯವರೆಲ್ಲ ಚೆನ್ನಾಗಿದಾರಾ ಅಂತ, ಪೂರ್ತಿ, ಒಂದು ಹ್ಞೂಂ ಕೂಡ ಬಿಡದೆ —